ರದ್ದಿಗೆ ಹೋದ ವಹಿ, ಹರಾಜಿಗೆ ಬಂದ ವಹಿ

ಈ ಸರ್ತೆ ದೀಪಾವಳಿಗೆ ಮನಿ ಸ್ವಚ್ಛ ಮಾಡಬೇಕಾದ್ರ ನಾ ಒಂದು ದೊಡ್ಡ ತಪ್ಪು ಮಾಡೇನಿ. ಇಷ್ಟು ದಿವಸ ಯಾರ ಮುಂದೂ ಹೇಳಿದ್ದಿಲ್ಲ, ಇವತ್ತ ನಿಮ್ಮ ಮುಂದ ಹೇಳ್ತೀನಿ. ಅಟ್ಟದ ಮ್ಯಾಲಿನ ಟ್ರಂಕಿನಾಗಿಂದ ಹಳೇ ಪೇಪರು, ಮಕ್ಕಳ ಸಾಲಿ ಪುಸ್ತಕ, ವರ್ಷಾನುಗಟ್ಟಲೆ ಕೂಡಿಟ್ಟ ಮಾಸಪತ್ರಿಕಿ ಎಲ್ಲಾ ಇಳಿಸಿ, ಓಣ್ಯಾಗ ಬಂದ ರದ್ದಿಯವಗ ಹಾಕಿಬಿಟ್ಟೆ. ಹದಿನಾಲ್ಕು ಕಿಲೋ ಆತು. ಅಂವಾ ಕೊಟ್ಟ ರೊಕ್ಕಕ್ಕ ಪಣತಿ, ಬಾಳಿಹಣ್ಣು ತೊಗೊಂಡು ಖುಷೀಲೆ ಒಳಗ ಬಂದೆ. ಮೂರು ದಿವಸ ಬಿಟ್ಟು ದೇವರ ಮುಂದ ದೀಪಾ ಹಚ್ಚಬೇಕಾದ್ರ ನೆನಪಾತು ನೋಡ್ರಿ, ಆ ಟ್ರಂಕಿನಾಗ ನಮ್ಮ ಅವ್ವನ ಭಿಶಿ ವಹಿ ಇತ್ತು!

ನಿಮ್ಮೊಳಗ ಭಾಳ ಮಂದಿ ಆ ವಹಿ ನೋಡೀರಿ. ಕೆಂಪು ಅರಿವಿ ಹೊದಿಕಿ ಇದ್ದ ಉದ್ದನ್ನ ವಹಿ. ಓಣಿಯ ಹನ್ನೆರಡು ಹೆಣ್ಣಮಕ್ಕಳ ಭಿಶಿ ಲೆಕ್ಕಾ ಹತ್ತೊಂಬತ್ತು ವರ್ಷ ಅದರಾಗ ಬರದಿದ್ಲು. ಯಾರು ಯಾವ ತಿಂಗಳು ಎತ್ತಿದ್ರು, ಯಾರದು ಬಾಕಿ, ಯಾರು ಮಗಳ ಲಗ್ನಕ್ಕ ಅಂತ ತಮ್ಮ ಪಾಳಿ ಮುಂದ ಮಾಡ್ಕೊಂಡ್ರು, ಎಲ್ಲಾ. ಒಂದು ಪೈಸಾ ಹೆಚ್ಚು ಕಡಿಮಿ ಆಗಿದ್ದಿಲ್ಲ. ಆದ್ರ ಮ್ಯಾಲೆ ಹೊದಿಕಿ ಮ್ಯಾಲೆ ಯಾರ ಹೆಸರಿತ್ತು ಗೊತ್ತದನು? ನಮ್ಮ ಅಪ್ಪಂದು. ವಹಿ ತಂದವರು ಅವರು, ಹಂಗಾಗಿ ದಪ್ಪ ಅಕ್ಷರದಾಗ ತಮ್ಮ ಹೆಸರು ಹಾಕಿದ್ರು. ಒಳಗ ಇನ್ನೂರು ಪಾನಾ ಬರದಾಕಿದು ಎಲ್ಲೂ ಹೆಸರಿಲ್ಲ.

ನಮ್ಮ ತಂಗಿ ಮಗಳು ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸಾ ಮಾಡ್ತಾಳ. ಅಕೀಗೆ ಒಂದು ಹುಚ್ಚು ಅದ. ಕಂಪ್ಯೂಟರ್ ಹುಟ್ಟಿದ ಕಾಲದ ಹಳೇ ಪುಸ್ತಕ ಕೂಡಿಸೋದು. ಇದ್ದದ್ದು ನಾಲ್ಕೈದು ಪುಸ್ತಕ, ಆದ್ರ ಬಂಗಾರ ಇಟ್ಟಂಗ ಕಪಾಟಿನಾಗ ಇಟ್ಟಾಳ. ಹಬ್ಬಕ್ಕ ಬಂದಾಗ ಅಕಿ ಮುಂದ ಅತ್ತೆ. ಅಕಿ ಬೈಯಲಿಲ್ಲ. ಸುಮ್ಮನ ಅಂದ್ಲು, “ಮಾವಶಿ, ನೀ ರದ್ದಿಗೆ ಹಾಕಿದ್ದು ಕಂಪ್ಯೂಟರಿನ ಇತಿಹಾಸಾನ.” ನಂಗ ಚ್ಯಾಷ್ಟಿ ಮಾಡ್ತಾಳ ಅನಿಸ್ತು. ಆಮ್ಯಾಲೆ ಎರಡು ಸಂಜಿ ಕೂತು ಅಕಿ ಹೇಳಿದ್ದು, ನಾನೂ ಆಮ್ಯಾಲೆ ಓದಿದ್ದು, ನಂಗ ತಿಳಿದಷ್ಟು ಇಲ್ಲೆ ಬರೀತೀನಿ.

ಮೊದಲನೇದು, ಕಂಪ್ಯೂಟರ್ ಅಂದ್ರ ಮೊದಲಿಗೆ ಮಷಿನ್ನೇ ಅಲ್ಲ. ಮನುಷ್ಯಾರು! ಲೆಕ್ಕಾ ಮಾಡೋವರಿಗೆ ಕಂಪ್ಯೂಟರ್ ಅಂತಿದ್ರು. ಅಡಗಿ ಮಾಡೋವರಿಗೆ ಅಡಗಿಯವರು ಅಂದಂಗ. ನಮ್ಮ ಬೆಂಗಳೂರಿನ ಶಕುಂತಲಾದೇವಿಯವರಿಗೆ ಮಾನವ ಕಂಪ್ಯೂಟರ್ ಅಂತ ಕರೀತಿದ್ರಲ್ಲ, 1980ರಾಗ ಲಂಡನ್ನಿನೊಳಗ ಹದಿಮೂರು ಅಂಕಿಯ ಎರಡು ಸಂಖ್ಯಾ 28 ಸೆಕೆಂಡಿನಾಗ ಗುಣಿಸಿ ಹೇಳಿದವರು, ಆ ಮಾತು ಹೊಸಾದಲ್ಲ. ಮಷಿನ್ನಿಗೆ ಹೆಸರು ಬಂದದ್ದೇ ಮನುಷ್ಯಾರಿಂದ.

ಇಂಗ್ಲೆಂಡಿನಾಗ 1767ರಿಂದ ಹಡಗಿನವರ ಸಲುವಾಗಿ ಒಂದು ಪಂಚಾಂಗ ಬರಲಿಕ್ಕೆ ಹತ್ತಿತು. ನಾಟಿಕಲ್ ಆಲ್ಮನಾಕ್ ಅಂತ. ನಾವು ಏಕಾದಶಿ, ಸಂಕಷ್ಟಿ ನೋಡಲಿಕ್ಕೆ ಪಂಚಾಂಗ ತಗೀತೀವಿ, ಅವರು ನಡು ಸಮುದ್ರದಾಗ ತಾವು ಎಲ್ಲಿದ್ದೀವಿ ಅಂತ ತಿಳ್ಕೊಳ್ಳಿಕ್ಕೆ ತಗೀತಿದ್ರು. ಚಂದ್ರ ಯಾವ ದಿವಸ ಯಾವ ಹೊತ್ತಿಗೆ ಎಲ್ಲಿರ್ತಾನ ಅಂತ ವರ್ಷಪೂರ್ತಿ ಲೆಕ್ಕಾ ಬೇಕು. ಒಂದು ಅಂಕಿ ತಪ್ಪಿದ್ರ ಹಡಗು ಬಂಡಿಗಲ್ಲಿಗೆ ಹೋಗಿ ಬಡೀತದ. ಗ್ರೀನಿಚ್ಚಿನ ದೊಡ್ಡ ಜ್ಯೋತಿರ್ವಿಜ್ಞಾನಿ ನೆವಿಲ್ ಮ್ಯಾಸ್ಕಲಿನ್ ಆ ಲೆಕ್ಕಾನ ಊರೂರಿನ ಕಂಪ್ಯೂಟರ್ ಮಂದಿಗೆ ಹಂಚಿ ಅಂಚಿಯೊಳಗ ಕಳಸ್ತಿದ್ದ. ಅವರು ತಮ್ಮ ತಮ್ಮ ಮನ್ಯಾಗ ಕೂತು ಮಾಡಿ ಕಳಸೋದು. ಈಗ ನಮ್ಮ ಮಕ್ಕಳು ಲ್ಯಾಪ್‌ಟಾಪ್ ಹಿಡಕೊಂಡು ಮನ್ಯಾಗ ಕೂಡ್ತಾರಲ್ಲ, ಹಂಗ! ಒಂದೇ ಲೆಕ್ಕಾ ಇಬ್ಬರಿಗೆ ಬ್ಯಾರೆ ಬ್ಯಾರೆ ಕೊಡೋದು, ಮೂರನೇದಾಂವ ಎರಡೂ ತಾಳಿ ನೋಡೋದು. ಒಮ್ಮೆ ಇಬ್ಬರು ಒಬ್ಬರದೊಬ್ಬರು ನೋಡಿ ಬರದು, ಸಿಕ್ಕಿಬಿದ್ದು ಕೆಲಸಾ ಕಳಕೊಂಡ್ರು.

ಆ ಕಂಪ್ಯೂಟರ್ ಮಂದಿಯೊಳಗ ಲಡ್ಲೋ ಅಂಬೋ ಊರಿನ ಪಾದ್ರಿ ಜಾನ್ ಎಡ್ವರ್ಡ್ಸ್ ಒಬ್ಬಾಂವ. ದುರ್ಬೀನಿನ ಕನ್ನಡಿ ಮಾಡೋ ಪ್ರಯೋಗದಾಗ ಮುಳುಗಿದ ಮನುಷ್ಯಾ. ಲೆಕ್ಕದ ಕೆಲಸಾನೂ ಅವನ ಹೆಸರಿಲೇ, ರೊಕ್ಕಾನೂ ಅವನ ಹೆಸರಿಲೇ. 1784ರಾಗ ಅಂವ ತೀರಿಕೊಂಡ. ಆವಾಗ ಅವನ ಹೆಂಡತಿ ಮೇರಿ ಮ್ಯಾಸ್ಕಲಿನ್‌ಗೆ ಬರದ್ಲು, ಈ ಕೆಲಸಾ ನನಗ ಮುಂದುವರಿಸಲಿಕ್ಕೆ ಕೊಡ್ರಿ ಅಂತ. ಆವಾಗ ಹೊರಗ ಬಂತು, ಇಷ್ಟು ವರ್ಷ ಲೆಕ್ಕದ ಹೆಚ್ಚಿನ ಪಾಲು ಮಾಡಿದಾಕಿ ಈಕೀನ ಅಂತ! ಮ್ಯಾಸ್ಕಲಿನ್ ಕೆಲಸಾ ಕೊಟ್ಟ. ಮೇರಿ 1815ರಾಗ ಸಾಯೋತನಕ ಮಾಡಿದ್ಲು. ಅಕಿ ಆದಮ್ಯಾಲೆ ಮಗಳು ಎಲೈಜಾ ಮಾಡಿದ್ಲು. 1832ರ ಹೊತ್ತಿಗೆ ಕೆಲಸಾ ಎಲ್ಲಾ ಲಂಡನ್ನಿನ ಸರಕಾರಿ ಆಫೀಸಿಗೆ ಹೋತು. ಸರಕಾರಿ ನೌಕರಿಗೆ ಹೆಣ್ಣಮಕ್ಕಳನ್ನ ತೊಗೊಳೋದಿಲ್ಲ ಅಂತ ಕಾಯ್ದೆ. ಅವ್ವ ಮಗಳ ಇಬ್ಬರ ಇಷ್ಟು ವರ್ಷದ ದುಡಿಮಿ ಅಲ್ಲಿಗೆ ಮುಗೀತು.

ಆ ಹಳೇ ಪಂಚಾಂಗ ಈಗ ಕೈಗೆ ಸಿಕ್ಕರೂ ಹೊದಿಕಿ ಮ್ಯಾಲೆ ಮೇರಿ ಹೆಸರು ಕಾಣೂದಿಲ್ಲ. ಅಕಿ ಹೆಸರು ಉಳದದ್ದು ಕಾಗದ ಪತ್ರದಾಗ, ರೊಕ್ಕಾ ಕೊಟ್ಟ ಲೆಕ್ಕದಾಗ. ಯಾರೋ ಅವನ್ನ ರದ್ದಿಗೆ ಹಾಕಲಿಲ್ಲ, ಅಷ್ಟಕ್ಕ ನಾವು ಇವತ್ತ ಅಕಿ ಹೆಸರು ಹೇಳಲಿಕ್ಕೆ ಹತ್ತೇವಿ. ಇದನ್ನ ಕೇಳಿ ನಾ ಸ್ವಲ್ಪ ಹೊತ್ತು ಸುಮ್ಮನ ಕೂತೆ.

ಮೇರಿ ಸತ್ತ ವರ್ಷನೇ, 1815ರ ಡಿಸೆಂಬರ್ 10ಕ್ಕ, ಲಂಡನ್ನಿನಾಗ ಅಡಾ ಹುಟ್ಟಿದ್ಲು. ಕವಿ ಬೈರನ್ನನ ಮಗಳು. ಹುಟ್ಟಿದ ಸ್ವಲ್ಪ ದಿವಸಕ್ಕ ಅಪ್ಪ ಅವ್ವ ಬ್ಯಾರೆ ಆದ್ರು. ಅವ್ವಗ ಗಣಿತದ ಹುಚ್ಚು, ಮಗಳಿಗೂ ಅದನ್ನೇ ಕಲಿಸಿದ್ಲು. ಹದಿನೇಳರ ವಯಸ್ಸಿನಾಗ, 1833ರಾಗ, ಅಡಾಗ ಚಾರ್ಲ್ಸ್ ಬ್ಯಾಬೇಜನ ಪರಿಚಯ ಆತು. ಅಂವಾ ಲೆಕ್ಕಾ ಮಾಡೋ ಮಷಿನ್ ಕಟ್ಟತೀನಿ ಅಂತ ಆಯುಷ್ಯನೇ ಸವೆಸಿದಾಂವ. ಪೂರ್ತಿ ಕಟ್ಟಲಿಕ್ಕೆ ಆಗಲೇ ಇಲ್ಲ.

ಈ ಬ್ಯಾಬೇಜನದೊಂದು ಮಜಾ ಕೇಳ್ರಿ. ಲೆಕ್ಕದ ಕೋಷ್ಟಕ ಓದಿ ಓದಿ ಕಣ್ಣು ನೋಯ್ತಾವ, ಯಾವ ಬಣ್ಣದ ಕಾಗದದ ಮ್ಯಾಲೆ ಯಾವ ಬಣ್ಣದ ಶಾಯಿ ಇದ್ರ ಕಣ್ಣಿಗೆ ತಂಪು ಅಂತ ನೋಡಲಿಕ್ಕೆ 1831ರಾಗ 151 ನಮೂನಿ ಬಣ್ಣದ ಕಾಗದದ ಮ್ಯಾಲೆ ಹತ್ತು ಬಣ್ಣದ ಶಾಯಿಯೊಳಗ ಅಚ್ಚು ಹಾಕಿಸಿದ. ಇಪ್ಪತ್ತೊಂದು ಸಂಪುಟ ಆದವು. ಬಂಗಾರ, ಬೆಳ್ಳಿ ಬಣ್ಣದಾಗೂ ಹಾಕಿಸ್ಯಾನ. ಲಗ್ನದ ಸೀರಿ ತೊಗೊಳ್ಳಿಕ್ಕೆ ಹೋಗಿ ನಾವು ಇಡೀ ಅಂಗಡಿ ತಗಸಿ ಹಾಕಿಸಿದ್ರ ಗಂಡಸರು ನಗತಾರ. ಇವನ್ನ ನೋಡ್ರಿ! ಹಾಕಿಸಿದ್ದು ಒಂದೇ ಒಂದು ಪ್ರತಿ. 1871ರಾಗ ಅಂವ ತೀರಿಕೊಂಡ ಮ್ಯಾಲೆ ಅವನ ಗಣಿತದ ಪುಸ್ತಕದ ಭಂಡಾರಾನ ಲಾರ್ಡ್ ಲಿಂಡ್ಸೆ ಅನ್ನೋ ಶ್ರೀಮಂತ ಒಟ್ಟಿಗೇ ಕೊಂಡ. ಆಮ್ಯಾಲೆ ಅದು ಎಡಿನ್‌ಬರೊದ ವೀಕ್ಷಣಾಲಯಕ್ಕ ಸೇರ್ತು. ಬಿಡಿ ಬಿಡಿ ಮಾರಿದ್ರ ದಿಕ್ಕಾಪಾಲಾಗಿ ಹೋಗ್ತಿದ್ವು.

ಈಗ ಅಡಾಳ ಪುಸ್ತಕದ ಮಾತಿಗೆ ಬರ್ತೀನಿ. ಬ್ಯಾಬೇಜ್ 1840ರಾಗ ಇಟಲಿಯ ಟೂರಿನ್ನಿಗೆ ಹೋಗಿ ತನ್ನ ಹೊಸ ಮಷಿನ್ನಿನ ಬಗ್ಗೆ ಮಾತಾಡಿ ಬಂದಿದ್ದ. ಅದನ್ನ ಕೇಳಿದ ಮೆನಾಬ್ರಿಯಾ ಅನ್ನೋ ಎಂಜಿನಿಯರ್ 1842ರಾಗ ಫ್ರೆಂಚಿನಾಗ ಒಂದು ಲೇಖನ ಬರದ. ಅಡಾ ಅದನ್ನ ಇಂಗ್ಲಿಷಿಗೆ ತಂದ್ಲು. ಬ್ಯಾಬೇಜ್ ಕೇಳಿದ, ಇಷ್ಟು ತಿಳದಾಕಿ ನೀನ ಸ್ವಂತ ಯಾಕ ಬರೀಲಿಲ್ಲ ಅಂತ. ಅಡಾ ಅಂದ್ಲು, ಅದು ನನ್ನ ತಲ್ಯಾಗ ಬರಲೇ ಇಲ್ಲ ಅಂತ! ನಾವೂ ಹಂಗೇ ಅಲ್ಲನು? ಬ್ಯಾರೆಯವರದು ನೆಟ್ಟಗ ಮಾಡಿಕೊಡೋದು ಗೊತ್ತು, ನಮ್ಮದು ಅಂತ ಒಂದು ಮಾಡಬಹುದು ಅನ್ನೋದು ನೆನಪಾಗೂದಿಲ್ಲ.

ಕಡೀಕ ಟಿಪ್ಪಣಿ ಅಂತ ಬರದ್ಲು. ಆ ಟಿಪ್ಪಣಿ ಮೂಲ ಲೇಖನದ ಮೂರು ಪಟ್ಟಿನ ಹತ್ತಿರ ಹೋದ್ವು. ಆವಾಗ ಅಕಿಗೆ ಮೂರು ಮಕ್ಕಳು, ದೊಡ್ಡಾಂವ ಏಳು ವರ್ಷದಾಂವ, ಸಣ್ಣಾಂವ ನಾಲ್ಕು. ಅಕಿ ಆರೋಗ್ಯನೂ ಛಲೋ ಇದ್ದಿಲ್ಲ. 1843ರ ಬ್ಯಾಸಗಿ ಪೂರ್ತಿ ಬ್ಯಾಬೇಜನ ಕಡೆ ಹಾಳಿ ಕಳಸೋದು, ಅಂವಾ ಅವನ್ನ ಕಲಸಿ ಇಡೋದು, ಅಕಿ ಪತ್ರದಾಗ ಅವನ್ನ ಝಾಡಿಸೋದು. ನಾ ಇದ್ದಷ್ಟು ನೀಟಾಗಿ ನೀವು ಇದ್ದಿದ್ರ ಎಷ್ಟು ಛಲೋ ಇತ್ತು ಅನ್ನೋ ಅರ್ಥದ್ದು ಬರದಾಳ. ಇನ್ನೊಂದು ಪತ್ರದಾಗ, ನಾ ಪೆನ್ಸಿಲಿಲೆ ಹಾಕಿದ ಕೋಷ್ಟಕಕ್ಕ ನಮ್ಮ ಯಜಮಾನರು ಕೂತು ಶಾಯಿ ತಿದ್ದಲಿಕ್ಕೆ ಹತ್ಯಾರ ಅಂತ ಹೇಳ್ಯಾಳ. ಅರ್ಲ್ ಅಂದ್ರ ಎಂಥಾ ದೊಡ್ಡ ಮನುಷ್ಯಾ! ಹೆಂಡತಿ ಲೆಕ್ಕಕ್ಕ ಶಾಯಿ ತಿದ್ದಕೋತ ಕೂತಿದ್ದ. ಇದನ್ನ ನಮ್ಮ ಮನಿಯವರಿಗೆ ಓದಿ ಹೇಳೀನಿ.

ಆ ಕೋಷ್ಟಕ ಕಡೀ ಟಿಪ್ಪಣಿಯೊಳಗ ಅದ. ಬರ್ನೂಲಿ ಅನ್ನೋ ಗಣಿತದವನ ಹೆಸರಿನ ಸಂಖ್ಯಾ ತಗೀಲಿಕ್ಕೆ ಮಷಿನ್ ಮೊದಲು ಏನು ಮಾಡಬೇಕು, ಆಮ್ಯಾಲೆ ಏನು, ಯಾವುದನ್ನ ತಿರುಗಿ ಮಾಡಬೇಕು ಅಂತ ಪಾಯರಿ ಪಾಯರಿ ಬರದಾಳ. ಭಾಳ ಮಂದಿ ಇದಕ್ಕ ಜಗತ್ತಿನ ಮೊದಲನೇ ಕಂಪ್ಯೂಟರ್ ಪ್ರೋಗ್ರಾಮ್ ಅಂತಾರ. ಅಲ್ಲ, ಬ್ಯಾಬೇಜ್ ಮೊದಲೇ ಸಣ್ಣಪುಟ್ಟವು ಬರದಿದ್ದ ಅಂತ ವಾದಾ ಮಾಡೋವರೂ ಇದ್ದಾರ. ಇರಲಿ. ಆದ್ರ ಇನ್ನೊಂದು ಅಕಿದೇ ಖರೆ. ಈ ಮಷಿನ್ ಬರೀ ಅಂಕಿಗೆ ಅಲ್ಲ, ನಿಯಮಕ್ಕ ಸಿಗೋ ಎಲ್ಲಾದಕ್ಕೂ, ಸಂಗೀತಕ್ಕೂ ಬಂದೀತು ಅಂತ ಅಂದಾಕಿ ಅಡಾ. ಸೀರಿ ಸೆರಗಿನ ಹೂವು ಬಳ್ಳಿ ನೇಯೋ ಜಕಾರ್ಡ್ ಮಗ್ಗ ಇರ್ತದಲ್ಲ, ತೂತು ಹಾಕಿದ ರಟ್ಟಿನ ಕಾರ್ಡು ಒಂದಾದ ಮ್ಯಾಲೆ ಒಂದು ಪೋಣಿಸಿರ್ತಾರ, ಬ್ಯಾಬೇಜನ ಮಷಿನ್ನಿಗೂ ಹಂಥಾ ಕಾರ್ಡೇ. ಅಡಾ ಅದೇ ಮಗ್ಗದ ಹೋಲಿಕಿ ಕೊಟ್ಟು ತಿಳಿಸಿ ಹೇಳ್ಯಾಳ.

ಇಷ್ಟು ಮಾಡಿ ಹೆಸರು? ಅನುವಾದಕರ ಟಿಪ್ಪಣಿ ಅಂತ ಅಷ್ಟೇ ಅಚ್ಚಾತು. ಟಿಪ್ಪಣಿಯ ಕೆಳಗ ಎ. ಎ. ಎಲ್. ಅನ್ನೋ ಮೂರು ಅಕ್ಷರ. ಯಾರು ಬರದಾರ ಅಂತ ಡಂಗುರಾ ಸಾರೋ ಆಶಾ ನಂಗಿಲ್ಲ, ಆದ್ರ ಮುಂದ ಯಾವತ್ತರೆ ಇದನ್ನ ಬರದಾಕಿ ಇಂಥಾಕಿ ಅಂತ ಗುರುತು ಹಿಡೀಲಿಕ್ಕೆ ಒಂದು ಖೂನ ಇರಲಿ ಅನ್ನೋ ಅರ್ಥದಾಗ ಬ್ಯಾಬೇಜಗ ಬರದಿದ್ಲು. 1852ರಾಗ, ಮೂವತ್ತಾರನೇ ವಯಸ್ಸಿಗೆ ಹೋದ್ಲು. ಮುಂದ ನೂರು ವರ್ಷ ಅಕಿ ಬರದದ್ದನ್ನ ಕೇಳೋವರು ಕಡಿಮಿ. 1953ರಾಗ ಬೌಡನ್ ಅನ್ನೋವರು “ಫಾಸ್ಟರ್ ದ್ಯಾನ್ ಥಾಟ್” ಅನ್ನೋ ಪುಸ್ತಕದ ಕಡೀಕ ಆ ಟಿಪ್ಪಣಿ ಎಲ್ಲಾ ತಿರುಗಿ ಅಚ್ಚು ಹಾಕಿದ್ರು. ನಮ್ಮ ಹುಡುಗಿ ಕಡೆ ಇರೋ ದೊಡ್ಡ ಆಸ್ತಿ ಅಂದ್ರ ಅದೇ ಪುಸ್ತಕದ ಒಂದು ಹಳೇ ಪ್ರತಿ. ಬೆನ್ನು ಬಿಚ್ಚೇದ, ಯಾವುದೋ ಲೈಬ್ರರಿ ಶಿಕ್ಕಾ ಅದ. ಅಕೀಗೆ ಅದೇ ಚಂದ.

ಇನ್ನ 2018ರ ಜುಲೈದಾಗ ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಾಗ ಒಂದು ಹರಾಜು ಆತು. ಅಡಾಳ ಆ 1843ರ ಬರವಣಿಗಿ ಪುಸ್ತಕದ ರೂಪದಾಗ ಇದ್ದ ಪ್ರತಿ. ಹಂಥಾವು ಬೆರಳೆಣಿಕಿಯಷ್ಟು ಉಳದಾವ. 95,000 ಪೌಂಡಿಗೆ ಹೋತು! ಆ ಪ್ರತಿ ಮೊದಲು ಅಡಾಳ ಪರಿಚಯದ ಡಾಕ್ಟರ್ ವಿಲಿಯಂ ಕಿಂಗ್ ಅವರದಿತ್ತು. ಮೊದಲನೇ ಪಾನಾದಾಗ ಅನುವಾದಕರು ಅಂತ ಇರೋ ಕಡೆ, ಕೈಲೆ, ಲೇಡಿ ಲವ್‌ಲೇಸ್ ಅಂತ ಬರದಾರ. ಅಚ್ಚಿನವರು ಬಿಟ್ಟ ಹೆಸರು, ಓದಿದವರು ಪೆನ್ನಿಲೆ ಹಾಕ್ಯಾರ. ಪುಸ್ತಕದಾಗ ಗೀಚಬ್ಯಾಡ್ರಿ ಅಂತ ನಾ ಮಕ್ಕಳಿಗೆ ಹೊಡದೀನಿ. ಇಲ್ಲೆ ನೋಡಿದ್ರ ಆ ಗೀಚಿದ್ದೇ ಸಾಕ್ಷಿ.

ಇಂಥಾವನ್ನ ಕೂಡಿಸೋ ಮಂದಿ ಬರೇ ರೊಕ್ಕದ ಮಂದಿ ಅಂತ ನಾ ತಿಳದಿದ್ದೆ. ಹಂಗಲ್ಲ. ಅಮೆರಿಕಾದ ಅರ್ವಿನ್ ಟೊಮಾಶ್ ಅನ್ನೋವರು ಕಂಪ್ಯೂಟರ್ ಪ್ರಿಂಟರಿನ ಉದ್ಯೋಗದಾಗ ಗಳಿಸಿದವರು. ಅವರು ಮಣಿಚೌಕಟ್ಟು, ಮಗ್ಗಿ, ಕೋಷ್ಟಕದ ಕಾಲದಿಂದ ಹಿಡಿದು ಲೆಕ್ಕಕ್ಕ ಸಂಬಂಧಪಟ್ಟ ಹಳೇ ಪುಸ್ತಕ ಎಲ್ಲಾ ಕೂಡಿಸಿದ್ರು. ಮೈಕೆಲ್ ವಿಲಿಯಮ್ಸ್ ಅನ್ನೋ ಇತಿಹಾಸದವರ ಕೂಡ ಕೂತು ಒಂದೊಂದರ ಬಗ್ಗೆನೂ ಬರದು ದೊಡ್ಡ ಯಾದಿ ಮಾಡಿದ್ರು. ಟೊಮಾಶ್ 2012ರಾಗ ಹೋದ್ರು, ಪುಸ್ತಕ 2018ರ ಸಪ್ಟಂಬರಿನಾಗ ಲಂಡನ್ನಿನ ಸಾದಬೀಸ್ ಹರಾಜಿನಾಗ ಹಂಚಿ ಹೋದ್ವು. ಆದ್ರ ಯಾದಿ ಉಳೀತು, ಯಾರು ಬೇಕಾದ್ರೂ ಓದಬಹುದು. ಬಂಗಾರ ಸೊಸೆಯಂದಿರಿಗೆ ಹಂಚಿದ್ರೂ ಯಾರದು ಏನಿತ್ತು ಅನ್ನೋ ಚೀಟಿ ಉಳದಂಗ.

ಇನ್ನೊಬ್ಬರು ಜೆರೆಮಿ ನಾರ್ಮನ್, ಪುಸ್ತಕದ ವ್ಯಾಪಾರಿ. ಅವರು ಕೂಡಿಸಿದ್ದು 2005ರ ಫೆಬ್ರುವರಿಯೊಳಗ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿಗೆ ಬಂತು. ಅದರಾಗ 1946ರ ಕೆಲವೇ ಟೈಪ್ ಮಾಡಿದ ಹಾಳಿ ಇದ್ದವು. ಎನಿಯಾಕ್ ಅನ್ನೋ ದೊಡ್ಡ ಕಂಪ್ಯೂಟರ್ ಕಟ್ಟಿದ ಎಕರ್ಟ್ ಮತ್ತ ಮಾಕ್ಲಿ, ನಾವು ಕಂಪ್ಯೂಟರ್ ಮಾಡಿ ಮಾರತೀವಿ ಅಂತ ಬರದ ಧಂದೆಯ ಯೋಜನಾ. 72,000 ಡಾಲರಿಗೆ ಹೋತು.

ಆ ಎನಿಯಾಕಿಗೆ ಪ್ರೋಗ್ರಾಮ್ ಹಾಕಿದವರು ಆರು ಹುಡುಗೇರು. ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್. ಒಂದೊಂದೇ ಹೆಸರು ಬೇಕಂತಲೇ ಬರದೀನಿ. 1946ರ ಫೆಬ್ರುವರಿಯೊಳಗ ಮಷಿನ್ ಮಂದಿಗೆ ತೋರಿಸಿದ ಮ್ಯಾಲೆ ರಾತ್ರಿ ದೊಡ್ಡ ಊಟ ಇತ್ತು, ಇವರಿಗೆ ಕರಿಯೋಣ ಇಲ್ಲ. ಎಷ್ಟೋ ವರ್ಷ ಆದಮ್ಯಾಲೆ ಕ್ಯಾಥಿ ಕ್ಲೈಮನ್ ಅನ್ನೋ ಕಾಲೇಜು ಹುಡುಗಿ ಹಳೇ ಫೋಟೋದಾಗ ಈ ಹೆಣ್ಣಮಕ್ಕಳನ್ನ ನೋಡಿ ಯಾರಿವರು ಅಂತ ಕೇಳಿದ್ರ, ಫ್ರಿಜ್ಜಿನ ಜಾಹೀರಾತಿನಾಗ ನಿಲ್ತಾರಲ್ಲ ಹಂಥಾ ಹುಡುಗೇರು, ಮಷಿನ್ ಚಂದ ಕಾಣಲಿ ಅಂತ ನಿಲ್ಲಿಸ್ಯಾರ ಅಂತ ಉತ್ತರ ಬಂತು! ಅಕಿ ಬಿಡಲಿಲ್ಲ. ಹುಡುಕಿ ಹೋಗಿ ಅವರ ಬಾಯಿಂದಲೇ ಕೇಳಿ ಬರಕೊಂಡ್ಲು.

ಗ್ರೇಸ್ ಹಾಪರ್ ಕತಿನೂ ಅದೇ ತರಾ. ಗಣಿತದ ಪ್ರೊಫೆಸರ್, ಯುದ್ಧದ ಕಾಲಕ್ಕ ನೌಕಾಪಡೆಗೆ ಸೇರಿ ಹಾರ್ವರ್ಡಿನ ಮಾರ್ಕ್ 1 ಮಷಿನ್ನಿಗೆ ಬಂದ್ಲು. ಅಲ್ಲಿಯ ಮುಖ್ಯಸ್ಥ ಏಕನ್, ನೀ ಇದರ ಪುಸ್ತಕ ಬರೀಬೇಕು ಅಂದ. ನಂಗ ಪುಸ್ತಕ ಬರದು ಗೊತ್ತಿಲ್ಲ ಅಂದ್ಲು. ನೀ ಈಗ ನೌಕಾಪಡೆಯೊಳಗ ಇದ್ದೀ ಅಂದ, ಮುಗೀತು! 1946ರಾಗ ಐನೂರು ಪಾನಾ ಮೀರಿದ ಪುಸ್ತಕ ಬಂತು. ಹೊದಿಕಿ ಪಾನಾದಾಗ ಲೇಖಕರು ಯಾರು? ಪ್ರಯೋಗಾಲಯದ ಸಿಬ್ಬಂದಿ. ಅಷ್ಟೇ. ಇವತ್ತ ಆ ಪುಸ್ತಕ ಹುಡುಕೋವರಿಗೆ ಮಾತ್ರ ಗೊತ್ತು, ಅದರ ಬಹುಪಾಲು ಹಾಪರಳ ಕೈಯಿಂದ ಬಂದದ ಅಂತ.

ಅದೇ ಹಾರ್ವರ್ಡಿನ ಮುಂದಿನ ಮಷಿನ್ನಿನಾಗ 1947ರ ಸಪ್ಟಂಬರ್ 9ಕ್ಕ ಒಂದು ಪತಂಗ ಸಿಕ್ಕೊಂಡು ಕೆಲಸಾ ನಿಂತಿತ್ತು. ಅಲ್ಲಿಯವರು ಆ ಹುಳಾನ ತಗದು ದಿನದ ವಹಿಯೊಳಗ ಟೇಪ್ ಹಚ್ಚಿ ಅಂಟಿಸಿ, ಖರೇನ ಹುಳಾ ಸಿಕ್ಕ ಮೊದಲ ಸರ್ತೆ ಇದು ಅಂತ ಬರದ್ರು. ಆ ವಹಿ ಈಗ ಅಮೆರಿಕಾದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಾಗ ಅದ, ಹುಳಾ ಸಹಿತ. ಅವ್ವನ ವಹಿಯೊಳಗೂ ಒಂದು ಝಿರಳಿ ಮರಿ ಅಪ್ಪಚ್ಚಿ ಆಗಿತ್ತು, ನಂಗ ಇನ್ನೂ ನೆನಪದ. ಅದನ್ನ ನೋಡಿ ಛೀ ಅಂದಿದ್ದೆ.

ಅವ್ವನ ವಹಿಗೆ ಯಾರೂ ಸಾವಿರಾರು ಪೌಂಡ್ ಕೊಡೂದಿಲ್ಲ, ನಂಗೂ ಗೊತ್ತದ. ಅದು ಹೋತು. ರದ್ದಿಯವನ್ನ ಹುಡುಕಿ ಕೇಳಿದೆ, ಮರುದಿವಸನೇ ಲಾರಿ ತುಂಬಿ ಹೋಗೇದ ಅಂದ. ಅವನ ತಪ್ಪಿಲ್ಲ, ತೆಗದು ನೋಡದ ಕೊಟ್ಟದ್ದು ನಂದು. ಹೊದಿಕಿ ಮ್ಯಾಲೆ ಅಪ್ಪನ ಹೆಸರು ನೋಡಿ, ಅವರ ಹಳೇ ಆಫೀಸಿನ ವಹಿ ಅಂತ ತಿಳಕೊಂಡು ಹಾಕಿಬಿಟ್ಟೀನಿ. ಅದೇ ನಂಗ ಹೆಚ್ಚು ಚುಚ್ಚತದ. ಅವ್ವಂದು ಅಂತ ಮ್ಯಾಲೆ ಬರದಿದ್ರ ನನ್ನ ಕೈ ನಿಲ್ತಿತ್ತು.

ಅದಕ್ಕ ನಿಮಗೆಲ್ಲಾ ಎರಡು ಮಾತು ಹೇಳ್ತೀನಿ. ನಿಮ್ಮ ಮನ್ಯಾಗ ಅವ್ವಂದು, ಅತ್ತಿದು, ಅಜ್ಜಿದು ಲೆಕ್ಕದ ವಹಿ, ಹಾಡಿನ ವಹಿ, ಅಡಗಿ ವಹಿ ಇದ್ರ ಇವತ್ತೇ ತಗೀರಿ. ಮೊದಲನೇ ಪಾನಾದಾಗ ಪೆನ್ಸಿಲಿಲೆ ಅವರ ಪೂರ್ತಿ ಹೆಸರು, ಊರು, ಸುಮಾರು ಯಾವ ವರ್ಷದ್ದು ಅಂತ ಬರೀರಿ. ಪೆನ್ ಬ್ಯಾಡ, ಪೆನ್ಸಿಲೇ ಛಲೋ. ಹರದಲ್ಲೆ ಸೆಲೋಟೇಪ್ ಹಚ್ಚಬ್ಯಾಡ್ರಿ, ಅದು ಮುಂದ ಹಳದಿ ಆಗಿ ಕಾಗದಾನ ತಿಂತದ. ಲ್ಯಾಮಿನೇಶನ್ ಅಂತೂ ಬ್ಯಾಡೇ ಬ್ಯಾಡ. ಗ್ವಾಡಿಗೆ ಹಚ್ಚಿ ಇಡದ, ಹಸಿ ಇರದ ಕಡೆ ಅಡ್ಡ ಮಲಗಿಸಿ ಇಡ್ರಿ. ಮಳಿಗಾಲ ಮುಗದ ಮ್ಯಾಲೆ ಒಮ್ಮೆ ತಗದು ನೆರಳಾಗ ಗಾಳಿಗೆ ಹಿಡೀರಿ, ಬಿಸಲಾಗ ಬ್ಯಾಡ. ಮಕ್ಕಳ ಕಡಿಂದ ಒಂದೊಂದು ಪಾನಾದ ಫೋಟೋ ತಗಸಿ ಇಡ್ರಿ.

ಎರಡನೇದು, ಹೇಳೋ ಮಾತಲ್ಲ, ಕೇಳೋ ಮಾತು. ಅವ್ವನ ಭಿಶಿಯೊಳಗ ನಿಮ್ಮ ಮನಿಯವರು ಯಾರರೆ ಇದ್ರ, ಅಕಿ ಕೊಟ್ಟ ಚೀಟಿ, ಕಾಗದದ ತುಂಡು, ಕ್ಯಾಲೆಂಡರಿನ ಹಿಂದ ಬರದ ಲೆಕ್ಕಾ, ಏನರೆ ಇದ್ದೀತು. ಮೂಲಿಮನಿ ಕಾಕು ಮೊನ್ನೆ ಒಂದು ಚೀಟಿ ಕೊಟ್ಟು ಕಳಿಸ್ಯಾರ. “ಎಪ್ರಿಲ್, ನಿಮ್ಮದು ಮುಟ್ಟಿತು” ಅಂತ ಮೂರೇ ಮಾತು, ಅವ್ವನ ಅಕ್ಷರ. ಕೆಳಗ ಸಹಿ ಇಲ್ಲ. ನಾ ಪೆನ್ಸಿಲ್ ತೊಗೊಂಡು ಅಕಿ ಹೆಸರು ಬರದು ಇಟ್ಟೇನಿ.